ಗಾಳಿಗೂ ಬಾಡಿಗೆ: ಕೂಡ್ಲಿಗಿಯ ಕೌದಿ ಜೊತೆ ಮಾತುಕತೆ

ಮೊಮ್ಮಗ ಎಂ.ಎಸ್. ಓದಲು ಶಿಕಾಗೊಗೆ ಹಾರಿದ, ಅಜ್ಜಿ ಹೊಲಿದ ಕೌದಿ ಕೂಡ್ಲಿಗಿಯಲ್ಲೇ ಉಳಿಯಿತು. ಇಷ್ಟು ಹೇಳಿದರೆ ಮಿಕ್ಕಿದ್ದು ನಿಮಗೆ ಗೊತ್ತು; ಕೊಟ್ಟೂರಿನಿಂದ ಹಡಗಲಿಯವರೆಗೆ ಈಗ ಓಣಿಗೊಂದು ಇಂಥ ಮನೆ ಇದೆ. ಅಲ್ಲಿ ಹಿಮ ಬೀಳುತ್ತಿದೆ, ಇಲ್ಲಿ ಅಜ್ಜಿ ದಿನಾ ಫೋನಿನಲ್ಲಿ ‘ಏನು ಹೊದ್ಕಂತೀಯೋ?’ ಎಂದು ಕೇಳುತ್ತಾಳೆ. ಕಳಿಸುವ ಸಾಹಸಗಳೆಲ್ಲ ನೆಲಕಚ್ಚಿದ ಮೇಲೆ ಕೌದಿಯನ್ನೇ ಮಾತಾಡಿಸಲು ಹೋದೆ. ಪಡಸಾಲೆಯ ಮಂಚದ ಮೇಲೆ ಮಡಿಚಿ ಕೂತಿತ್ತು. ಒಂದು ಮೂಲೆಗೆ ಇಳಕಲ್ ಸೀರೆಯ ಸೆರಗು, ನಡುವೆ ಮೊಮ್ಮಗನ ಶಾಲೆಯ ಚಡ್ಡಿಯ ತುಂಡು, ಅಂಚಿಗೆ ಅಜ್ಜನ ಧೋತರ. ಮೇಲೆಲ್ಲ ಒತ್ತೊತ್ತಾಗಿ ಕೆಂಪು ದಾರದ ಹೊಲಿಗೆ.

ನಾನು: ನಮಸ್ಕಾರ ಕೌದಮ್ಮ. ಪ್ರಯಾಣ ಯಾಕೆ ನಿಂತಿತು?

ಕೌದಿ: ನನ್ನ ತೂಕ ಹೆಚ್ಚಾತಂತಪಾ.

ನಾನು: ಎಷ್ಟಿದೆ?

ಕೌದಿ: ನಾಕು ಕಿಲೊ. ಕಿರಾಣಿ ಅಂಗಡ್ಯಾಗ ತೂಗಿಸ್ಯಾರ, ಸಂಶಯ ಇದ್ರ ನೀನೂ ಎತ್ತಿ ನೋಡು. ಆ ಕೊರಿಯರ್‌ನವ ನನ್ನ ತಕ್ಕಡಿಗೇ ಹಾಕಲಿಲ್ಲ. ಡಬ್ಬಿಯೊಳಗ ತುರುಕಿದ, ಟೇಪ್ ಹಿಡಕಂಡು ಉದ್ದ, ಅಗಲ, ಎತ್ತರ ಅಳದ. 60, 45, 40 ಸೆಂಟಿಮೀಟರು. ಮೂರನ್ನೂ ಗುಣಿಸಿ ಐದು ಸಾವಿರದಿಂದ ಭಾಗಿಸಿದ. ‘ಇಪ್ಪತ್ತೊಂದೂವರಿ ಕಿಲೊಕ್ಕಿಂತ ಮ್ಯಾಲೆ ಐತಿ ಅಜ್ಜಿ’ ಅಂದ.

ನಾನು: 21.6. ಅದಕ್ಕೆ ವಾಲ್ಯೂಮೆಟ್ರಿಕ್ ತೂಕ ಅಂತಾರೆ. ವಿಮಾನದಲ್ಲಿ ಜಾಗವೂ ದುಬಾರಿ. ನಿಜವಾದ ತೂಕ, ಗಾತ್ರದ ತೂಕ ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ಬಿಲ್ಲು. ಕೊರಿಯರ್ ಲೋಕದಲ್ಲಿ ಇದು ಮಾಮೂಲಿ ಲೆಕ್ಕ.

ಕೌದಿ: ಹಂಗಾರ ಉಳಿದ ಹದಿನೇಳೂವರಿ ಕಿಲೊ ಏನದು? ಗಾಳಿ! ನಮ್ಮ ಅಜ್ಜಿ ಹೊಲಿಯುವಾಗ ಗಾಳಿ ತುಂಬಿದ್ದಿಲ್ಲಪಾ, ಹಳೇ ಸೀರಿ ತುಂಬಿದ್ಲು. ಕೂಡ್ಲಿಗಿ ಗಾಳಿ ಶಿಕಾಗೊಕ್ಕ ಒಯ್ಯಾಕ ಇವರಿಗೆ ರೊಕ್ಕ ಕೊಡಬೇಕಾ? ಅಲ್ಲಿ ಗಾಳಿಗೇನು ಬರ ಬಂದೈತೇನು?

ನಾನು: ಅದಿರಲಿ. 2025ರಲ್ಲಿ ಅಮೆರಿಕ 800 ಡಾಲರ್ ಒಳಗಿನ ಸಾಮಾನಿಗಿದ್ದ ಸುಂಕ ವಿನಾಯಿತಿಯನ್ನು ತೆಗೆದುಹಾಕಿತು. ನಮ್ಮ ಅಂಚೆ ಇಲಾಖೆ ಆಗಸ್ಟ್ 25ರಿಂದ ಅಲ್ಲಿಗೆ ಪಾರ್ಸೆಲ್ ನಿಲ್ಲಿಸಿ, ಅಕ್ಟೋಬರ್ 15ಕ್ಕೆ ಮತ್ತೆ ಶುರು ಮಾಡಿತು. ಸುಂಕವನ್ನು ಇಲ್ಲೇ ಕಟ್ಟಿಸಿಕೊಳ್ಳುವ ಏರ್ಪಾಡು ಬಂತು. ಟ್ರಂಪ್ ಬಗ್ಗೆ ಏನಾದರೂ…

ಕೌದಿ: ಆಮ್ಯಾಲೆ ಗಾಳಿ ತೆಗಿಯೋ ಚೀಲ ತಂದ್ರು.

ನಾನು: ನಾನು ಕೇಳಿದ್ದು ಟ್ರಂಪ್ ಬಗ್ಗೆ.

ಕೌದಿ: ನಾನು ಹೇಳ್ತಿರೋದು ಚೀಲದ ಬಗ್ಗೆ. ಪ್ಲಾಸ್ಟಿಕ್ ಚೀಲದಾಗ ಹಾಕಿ, ಪಂಪ್ ಹಚ್ಚಿ ನನ್ನ ಉಸಿರೇ ಎಳದ್ರು. ದಪ್ಪ ಇದ್ದಾಕಿ ಚಪ್ಪಟಿ ಆದೆ. ಮತ್ತ ಅಳದ್ರು: 60, 45, 15. ಎಂಟು ಕಿಲೊ ಚಿಲ್ಲರೆ. ಅಜ್ಜಿ ಖುಷಿಯಾಗಿ ಸೆರಗಿನ ಗಂಟು ಬಿಚ್ಚಿದ್ಲು. ಅಂಗಡಿ ಮುಟ್ಟೋದ್ರಾಗ ಚೀಲಕ್ಕ ಸಣ್ಣ ತೂತು ಬಿತ್ತು. ಬಸ್‌ನ್ಯಾಗ ಎಲ್ಲಾರ ಮುಂದ ‘ಬುಸ್’ ಅಂತ ಉಬ್ಬಿದೆ. ಕಂಡಕ್ಟರ್ ‘ಇದೇನಜ್ಜಿ, ಜೀವ ಐತೇನು?’ ಅಂದ.

ನಾನು: ಹೂವಿನಹಡಗಲಿ ಪಕ್ಕದಲ್ಲೇ ಇದ್ದೀರಿ, ಹಡಗಿನಲ್ಲಿ ಹೋಗಬಹುದಿತ್ತಲ್ಲ? ಅಗ್ಗ ಅಂತಾರೆ.

ಕೌದಿ: ಅದನ್ನೂ ಕೇಳಿದ್ವಿ. ಹಡಗಿನವರು ಘನಮೀಟರ್ ಲೆಕ್ಕದಾಗ ಮಾತಾಡ್ತಾರ. ಕಮ್ಮಿ ಅಂದ್ರೂ ಒಂದು ಘನಮೀಟರಿನ ರೊಕ್ಕ ಇಡಬೇಕಂತ. ನಾನು ಅದರ ಹತ್ತರಾಗ ಒಂದು ಪಾಲು. ಉಳಿದ ಒಂಬತ್ತು ಪಾಲು ಏನು ಹೇಳು? ಮತ್ತ ಗಾಳಿ!

(ಹಡಗು ದಡ ಮುಟ್ಟಿದ ಮೇಲೆ ಆ ಕಡೆಯ ಬಂದರಿನವರು ಬೇರೆ ಬಿಲ್ಲು ಕೊಡುತ್ತಾರೆ, ಎಷ್ಟೋ ಸಲ ಸಾಗಣೆಗಿಂತ ಅದೇ ಭಾರ. ಕೌದಿಗೆ ಅದರಲ್ಲಿ ಆಸಕ್ತಿ ಕಾಣಲಿಲ್ಲ. ಇಡೀ ಮನೆ ಕಟ್ಟಿಕೊಂಡು ಹೋಗುವವರಿಗೆ ಹಡಗು ಸರಿ, ಒಂದು ಡಬ್ಬಿಯವರಿಗಲ್ಲ.)

ನಾನು: ಪಾರ್ಸೆಲ್ ನಮೂನೆ ತುಂಬುವಾಗ ಕಳಿಸುವವರ ಜಿಲ್ಲೆ ಏನಂತ ಬರೆದಿರಿ?

ಕೌದಿ: ವಿಜಯನಗರ. ಯಾಕ?

ನಾನು: ಅಲ್ಲೇ ನೋಡಿ ನನ್ನ ಸಂಕಟ. ನಮ್ಮ ಹರಪನಹಳ್ಳಿಯವರು ಏನು ಬರೆಯಬೇಕು? 1997ರಲ್ಲಿ ಬಳ್ಳಾರಿಯಿಂದ ಕಿತ್ತು ದಾವಣಗೆರೆಗೆ ಹಾಕಿದರು. ಸಂವಿಧಾನದ 371(ಜೆ) ವಿಧಿಯ ವಿಶೇಷ ಸ್ಥಾನಮಾನದ ಸವಲತ್ತಿಗಾಗಿ ಹೋರಾಡಿ 2018ರಲ್ಲಿ ಬಳ್ಳಾರಿಗೆ ಮರಳಿದೆವು. ಕೂತು ನೀರು ಕುಡಿಯುವಷ್ಟರಲ್ಲಿ 2021ಕ್ಕೆ ವಿಜಯನಗರ! ಒಂದೇ ಮನೆಯಲ್ಲಿ ಅಣ್ಣನ ಅಂಕಪಟ್ಟಿ ಒಂದು ಜಿಲ್ಲೆ, ತಮ್ಮನ ಆಧಾರ್ ಒಂದು ಜಿಲ್ಲೆ. ಇದರ ಬಗ್ಗೆ ನಿಮ್ಮ ನಿಲುವೇನು?

ಕೌದಿ: ನಂದು ಕೂಡ್ಲಿಗಿಪಾ. ನನಗ್ಯಾಕ ನಿಮ್ಮೂರ ಉಸಾಬರಿ?

ನಾನು: ತಮಾಷೆ ಅಂದರೆ, ಇಷ್ಟೆಲ್ಲ ಆದರೂ ಪಿನ್‌ಕೋಡ್ ಕದಲಲಿಲ್ಲ. ದಾವಣಗೆರೆ 577ರಲ್ಲಿ ಶುರುವಾಗುತ್ತದೆ. ನಾವು ಇಪ್ಪತ್ತು ವರ್ಷ ದಾವಣಗೆರೆಯಲ್ಲಿದ್ದರೂ ನಮ್ಮ ಪಿನ್ 583131. ಕೊಟ್ಟೂರು 583134, ಕೂಡ್ಲಿಗಿ 583135, ಎಲ್ಲ ಒಂದೇ ಸಾಲು. ಸರ್ಕಾರ ನಮ್ಮನ್ನು ಎತ್ತಿ ಎತ್ತಿ ಹಾಕಿತು, ಅಂಚೆಯವರು ಒಪ್ಪಲೇ ಇಲ್ಲ…

ಕೌದಿ: ಸಂದರ್ಶನ ನಂದೋ ನಿಂದೋ?

ನಾನು: ಕ್ಷಮಿಸಿ. ಜೊತೆಗೆ ರೊಟ್ಟಿ, ಶೇಂಗಾ ಚಟ್ನಿ ಕಳಿಸುವ ವಿಚಾರವೂ ಇತ್ತಂತೆ?

ಕೌದಿ: ಇತ್ತು. ಖಡಕ್ ರೊಟ್ಟಿ. ಅದಕ್ಕ ತಕರಾರಿಲ್ಲಂತ.

ನಾನು: ಹೌದು. ಪಾರ್ಸೆಲ್ಲಿನಲ್ಲಿ ಬರುವ ತಿನಿಸಿನ ಬಗ್ಗೆ ಅಮೆರಿಕದ ಆಹಾರ ಇಲಾಖೆಗೆ ಮುಂಗಡ ತಿಳಿಸಬೇಕು. ಆದರೆ ಮನೆಯಲ್ಲೇ ಮಾಡಿ, ಉಡುಗೊರೆಯಾಗಿ ಕಳಿಸುವ ತಿನಿಸಿಗೆ ಆ ನಿಯಮವಿಲ್ಲ. ಅಂಗಡಿಯ ಪ್ಯಾಕೆಟ್ಟಿಗೆ ಇದೆ.

ಕೌದಿ: ನೋಡು, ಅಜ್ಜಿ ಬಡಿದ ರೊಟ್ಟಿಗೆ ಮರ್ಯಾದಿ, ಅಜ್ಜಿ ಹೊಲದ ನನಗಿಲ್ಲ. ‘ಹಳೇ ಬಟ್ಟಿ, ಬಳಸಿದ್ದು’ ಅಂತ ಬರಿಸಿದ್ರು. ಬೆಲೆ ಎಷ್ಟು ಅಂತ ಡಾಲರ್‌ನ್ಯಾಗ ಕೇಳಿದ್ರು. ಅಜ್ಜಿಗಿ ಏನ್ ಹೇಳಬೇಕೋ ತಿಳೀಲಿಲ್ಲ. ‘ಮಾರಾಕಲ್ಲ ಬಿಡಪ್ಪ’ ಅಂದ್ಲು. ಮಾರಾಕಲ್ಲದ್ದಕ್ಕ ಅವರ ಕಾಗದದಾಗ ಜಾಗ ಇಲ್ಲ.

ನಾನು: ಮೊದಲೇ ಅವನ ಬ್ಯಾಗಿನಲ್ಲಿ ಹೋಗಿದ್ದರೆ? ಅಮೆರಿಕಕ್ಕೆ ಹೋಗುವವರಿಗೆ ಹೆಚ್ಚಿನ ವಿಮಾನಗಳಲ್ಲಿ 23 ಕಿಲೊದ ಎರಡು ಬ್ಯಾಗ್ ಬಿಡುತ್ತಾರಲ್ಲ.

ಕೌದಿ: ನನ್ನ ಜಾಗದಾಗ ಕುಕ್ಕರ್ ಕೂತು ಹೋತು. ಅಲ್ಲಿ ಅಂಗಡ್ಯಾಗ ಕುಕ್ಕರ್ ಸಿಗತೈತಿ, ನಾನು ಸಿಗತೀನೇನು?

ನಾನು: ಈಗಿನ ಕಾಲದಲ್ಲಿ ಟ್ರ್ಯಾಕಿಂಗ್ ಇದೆ, ಪಾರ್ಸೆಲ್ ಎಲ್ಲಿದೆ ಅಂತ ಫೋನಿನಲ್ಲೇ ಗೊತ್ತಾಗುತ್ತದೆ. ಅಷ್ಟಾದರೂ ಸಮಾಧಾನ?

ಕೌದಿ: ಪಕ್ಕದ ಮನಿಯವರದು ಬರ್ತಿತ್ತು ಆ ಸಂದೇಶ. ಮೈಲಾರದ ಕಾರ್ಣಿಕದ ಒಗಟಿಗಾದ್ರೂ ಅರ್ಥ ಹೇಳೋರು ನಾಕು ಮಂದಿ ಸಿಗತಾರ.

ನಾನು: ಒಟ್ಟಿನಲ್ಲಿ, ದೂರದ ಊರಿಗೆ ಹೋಗಿ ವರ್ಷಗಟ್ಟಲೆ ಇರುವವರ ಸಾಮಾನು ಸಾಗಣೆ ನಮ್ಮ ಕಡೆಯ ದೊಡ್ಡ ಸಮಸ್ಯೆ ಅಂತೀರಿ?

ಕೌದಿ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಕೌದಿ: ಯಾರ ಸಾಮಾನು? ನನಗೊಬ್ಬಾಕಿ ಅಕ್ಕ ಅದಾಳ. ಅದೇ ಅಜ್ಜಿ, ಅದೇ ದಾರ, ಅದೇ ಸೀರಿಯ ಇನ್ನರ್ಧ. ಅಜ್ಜಿ ತಂಗಿ ಮಗಳು ಆಕಿನ್ನ ಒಯ್ದಾಳ. ಸುಗ್ಗಿ ಮುಗೀತಂದ್ರ ಅವರು ಗಂಟು ಕಟ್ಟತಾರ. ಒಂದು ವರ್ಷ ಚಿಕ್ಕಮಗಳೂರು ಕಾಫಿ ತ್ವಾಟ, ಒಂದು ವರ್ಷ ಮಂಡ್ಯದ ಕಬ್ಬು, ಹ್ವಾದ ವರ್ಷ ಬೆಂಗಳೂರಾಗ ಕಟ್ಟಡ. ಹೆಂಚು, ಕೊಡ, ಜೋಳದ ಚೀಲ, ಕೂಸು, ನಮ್ಮಕ್ಕ, ಎಲ್ಲಾ ಒಂದೇ ಟೆಂಪೊದಾಗ. ಅವರದೂ ಆರು ತಿಂಗಳ ವಾಸಾನೇ. ಅವರಿಗೆ ಎಷ್ಟು ಕಿಲೊ ಬಿಡ್ತಾರ ಅಂತ ನೀನು ಯಾವಾಗರ ಬರದೀಯೇನು? ಮಳಿಗಾಲಕ್ಕ ವಾಪಸ್ ಬಂದಾಗ ನಮ್ಮಕ್ಕನ ಮೈಯಾಗ ಸಿಮೆಂಟು. ತೊಳದ್ರ ಹೋಗಂಗಿಲ್ಲ, ಮಡಿಚಿದ್ರ ಮುರಿತೈತಿ. ಅವರ ಶಾಲಿ ಬಿಟ್ಟ ಹುಡುಗಿ ಆಕಿನ್ನ ಹೊದ್ಕಂಡು ಮಕ್ಕಂತಾಳ.

ಬರೆದಿರಲಿಲ್ಲ. ನಮ್ಮ ಕಡೆಯ ಹಳ್ಳಿ, ತಾಂಡಾಗಳಿಗೆ ಸುಗ್ಗಿ ಕಳೆದ ಮೇಲೆ ಹೋಗಿ ನೋಡಿ: ಬೀಗ ಬಿದ್ದ ಬಾಗಿಲು, ಕಟ್ಟೆಯ ಮೇಲೆ ಮುದುಕರು. ವರ್ಷಕ್ಕೆ ನೂರು ದಿನ ಕೂಲಿ ಕೊಡುವ ಕಾಯ್ದೆ 2005ರಲ್ಲಿ ಬಂತು, ವಿಶೇಷ ಸ್ಥಾನಮಾನ ಬಂತು, ಹೊಸ ಜಿಲ್ಲೆ ಬಂತು, ಕೊಟ್ಟೂರು ಹೊಸ ತಾಲ್ಲೂಕಾಯಿತು. ಗುಳೆ ನಿಲ್ಲಲಿಲ್ಲ. ವಲಸೆ ಕಾರ್ಮಿಕರಿಗೆ ತಂಗಲು ಜಾಗ, ಔಷಧಿ, ಪ್ರಯಾಣ ಭತ್ಯೆ ಕೊಡಬೇಕೆಂದ 1979ರ ಕಾಯ್ದೆ ರಾಜ್ಯದ ಗಡಿ ದಾಟಿದವರನ್ನಷ್ಟೇ ಲೆಕ್ಕಕ್ಕೆ ಹಿಡಿಯಿತು. ಕೂಡ್ಲಿಗಿಯಿಂದ ಮಂಡ್ಯಕ್ಕೆ ಹೋದವರು ಅದರ ಕಣ್ಣಿಗೆ ವಲಸೆಗಾರರೇ ಆಗಿರಲಿಲ್ಲ. ವಿಮಾನ ಹತ್ತುವವನ ಎರಡು ಬ್ಯಾಗಿಗೆ ಟಿಕೆಟ್ಟಿನ ಮೇಲೆಯೇ ಅಚ್ಚಾದ ಹಕ್ಕಿದೆ. ಟೆಂಪೊ ಹತ್ತುವ ಕುಟುಂಬ ಹೋದ ಊರಲ್ಲಿ ನೆಲದ ಮೇಲೆ ಮಲಗಬೇಕೋ ಕಬ್ಬಿನ ಸೋಗೆಯ ಮೇಲೋ ಎಂಬುದು ಮೇಸ್ತ್ರಿಯ ಮರ್ಜಿ. ಇದನ್ನು ಅಭಿವೃದ್ಧಿ ಎಂದು ವೇದಿಕೆಯ ಮೇಲೆ ಹೇಳುವವರಿಗೆ ನಾಚಿಕೆಯಾಗಬೇಕು.

ಕೌದಿ: ಬೈದದ್ದು ಸಾಕು. ಅಜ್ಜಿ ಬರ್ತಾಳ, ಅಳುಮುಖ ಮಾಡ್ಕೊಂಡು ಕುಂತಿರಬ್ಯಾಡ.

ನಾನು: ಕೊನೆಯ ಪ್ರಶ್ನೆ. ಹರಪನಹಳ್ಳಿಯನ್ನು ಮುಂದೆ ಯಾವ ಜಿಲ್ಲೆಗೆ…

ಕೌದಿ: ಎದ್ದು ಹೋಗು.

ಓದುಗರಲ್ಲಿ ಎರಡು ಮಾತು. ಮಕ್ಕಳನ್ನು ಪರದೇಶಕ್ಕೆ ಕಳಿಸುವವರು ಅಲ್ಲಿ ಸಿಗುವ ಪಾತ್ರೆ-ಪಡಗಗಳನ್ನು ಇಲ್ಲೇ ಬಿಡಿ. ಹಗುರವಾಗಿ ಉಬ್ಬಿದ್ದು ಯಾವುದಿದೆಯೋ ಅದನ್ನು ಅವರ ಬ್ಯಾಗಿಗೇ ಹಾಕಿ. ಚೆಕ್-ಇನ್ ಬ್ಯಾಗಿನಲ್ಲಿ ನಿಜವಾದ ತೂಕವೇ ತೂಕ. ಹೆಚ್ಚಿನ ವಿಮಾನಗಳಲ್ಲಿ ಉದ್ದ, ಅಗಲ, ಎತ್ತರ ಕೂಡಿದರೆ 158 ಸೆಂಟಿಮೀಟರ್ ದಾಟಬಾರದು, ಅಷ್ಟೆ. ಒಳಗಿನ ಗಾಳಿಗೆ ದುಡ್ಡಿಲ್ಲ. ಇನ್ನು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯಿಂದ ಯಾರಾದರೂ ಶಿಕಾಗೊಗೆ ಹೋಗುವವರಿದ್ದು, ಬ್ಯಾಗಿನಲ್ಲಿ ನಾಲ್ಕು ಕಿಲೊ ಜಾಗ ಉಳಿದಿದ್ದರೆ ದಯವಿಟ್ಟು ಪತ್ರಿಕೆಯ ಕಚೇರಿಗೆ ತಿಳಿಸಿ. ಬೇರೆಯವರ ಸಾಮಾನು ಒಯ್ಯಲು ಅಂಜುವುದು ಸರಿಯೇ. ವಿಮಾನ ನಿಲ್ದಾಣದಲ್ಲಿ ‘ನೀವೇ ಪ್ಯಾಕ್ ಮಾಡಿದ್ದಾ?’ ಎಂದು ಕೇಳುತ್ತಾರೆ. ಬಂದು ಕೌದಿಯನ್ನು ಬಿಚ್ಚಿ, ಎರಡೂ ಮಗ್ಗುಲು ನೋಡಿ, ನಿಮ್ಮ ಕೈಯಿಂದಲೇ ಮಡಿಚಿಕೊಳ್ಳಿ. ಅಜ್ಜಿ ಚಹಾ ಕೊಡುತ್ತಾಳೆ.