ನವಾಬನಿಗೆ ಸುಣ್ಣದ ಬರ

ನಮ್ಮ ಸೇಡಂ ಸೀಮೆಯಲ್ಲಿ ಮಳೆಗೆ ಬರ ಬೀಳಬಹುದು, ಕುಡಿಯುವ ನೀರಿಗೆ ಬೀಳಬಹುದು, ತೊಗರಿಯ ದರಕ್ಕಂತೂ ಆಗಾಗ ಬೀಳುತ್ತಲೇ ಇರುತ್ತದೆ. ಸುಣ್ಣಕ್ಕೆ ಮಾತ್ರ ಬರವೆಂಬುದಿಲ್ಲ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಎಲ್ಲ ನಿಂತಿರುವುದೇ ಸುಣ್ಣಕಲ್ಲಿನ ಮೇಲೆ. ಕೋಟ್ಯಂತರ ವರ್ಷಗಳ ಹಿಂದೆ ಇಲ್ಲೊಂದು ಸಮುದ್ರವಿತ್ತು, ಅದರ ತಳವೇ ಗಟ್ಟಿಯಾಗಿ ಈ ಕಲ್ಲಾಯಿತು ಎನ್ನುತ್ತಾರೆ ಭೂವಿಜ್ಞಾನಿಗಳು. ಅದನ್ನು ಅಗೆದು, ಸುಟ್ಟು, ಅರೆದು ಊರೂರಿಗೆ ಸಿಮೆಂಟ್ ಕಳಿಸುತ್ತೇವೆ. ಪದರ ಪದರವಾಗಿ ಎದ್ದು ಬಂದದ್ದನ್ನು ಶಹಾಬಾದ ಫರಸಿ ಎಂದು ಮನೆಗೆ ಹಾಸುತ್ತೇವೆ. ನಮ್ಮ ಮನೆಯ ನೆಲ, ಕಟ್ಟೆ, ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲು ಎಲ್ಲವೂ ಅಪ್ಪಟ ಕ್ಯಾಲ್ಸಿಯಂ ಕಾರ್ಬೊನೇಟ್. ಇಂಥ ಮನೆಯಲ್ಲಿ ಕೂತ ಗಿಳಿಯೊಂದಕ್ಕೆ ಕ್ಯಾಲ್ಸಿಯಂ ಕೊರತೆಯಾಯಿತು.

ಗಿಳಿ ನನ್ನದಲ್ಲ, ಹೆಂಡತಿಯ ತಮ್ಮನದು. ಹೈದರಾಬಾದಿನಲ್ಲಿದ್ದ ಅವನಿಗೆ ದುಬೈ ನೌಕರಿ ಸಿಕ್ಕಿತು. ಮನೆ ಸಾಮಾನೆಲ್ಲ ಮಾರಿದ ಮೇಲೆ ಪಂಜರ ಒಂದು ಉಳಿಯಿತು. "ಮಾಮಾ, ಜರಾ ದಿವಸ ಇಟ್ಕೋರಿ" ಎಂದು ಕಾರಿನಲ್ಲಿ ತಂದಿಟ್ಟು ಹೋದ. ಆಫ್ರಿಕದ ಬೂದು ಗಿಳಿ ನಲವತ್ತರಿಂದ ಅರವತ್ತು ವರ್ಷ ಬದುಕುತ್ತದೆ ಎಂಬ ಸಂಗತಿಯನ್ನು ಅವನು ತಿಳಿಸಿದ್ದು ವಿಮಾನ ಇಳಿದ ಮೇಲೆ, ಫೋನಿನಲ್ಲಿ. ಜರಾ ದಿವಸವೆಂದರೆ ಎಷ್ಟು ಎಂದು ಅವತ್ತೇ ಲೆಕ್ಕ ಹಾಕಿ ನೋಡಿದೆ. ನನಗೀಗ ಐವತ್ತೈದು, ಗಿಳಿಗೆ ಎಂಟು.

ಬೂದು ಶೇರವಾನಿ, ಹಿಂದೆ ಇಳಿಬಿಟ್ಟ ಕೆಂಪು ರುಮಾಲಿನ ಬಾಲ, ಎದುರು ನಿಂತವರನ್ನು ಜವಾನರಂತೆ ನೋಡುವ ಹಳದಿ ಕಣ್ಣು. ಹೈದರಾಬಾದಿನಿಂದ ಬೇರೆ ಬಂದಿತ್ತು. ನಮ್ಮಪ್ಪ ನೋಡಿದವರೇ "ನವಾಬ" ಎಂದರು, ಅದೇ ಹೆಸರು ನಿಂತಿತು. ಬಂದ ದಿನ ನಾನು ಸೇಬಿನ ಹೋಳು ಹಿಡಿದು ಹತ್ತಿರ ಹೋದರೆ ಕತ್ತು ಓರೆ ಮಾಡಿ "ಕ್ಯಾ ಮಿಯಾ?" ಎಂದಿತು. ಇನ್ನೂ ಹತ್ತಿರ ಹೋದೆ. "ನಕ್ಕೋ" ಎಂದಿತು. ಹೋಳು ತೆಗೆದುಕೊಳ್ಳಲಿಲ್ಲ, ಬೆರಳು ತೆಗೆದುಕೊಂಡಿತು.

ಕನ್ನಡ ಕಲಿಸಬೇಕೆಂಬ ಹಟ ಹುಟ್ಟಿದ್ದು ಆಗಲೇ. ಮಳಖೇಡ ನಮ್ಮದೇ ತಾಲೂಕಿನಲ್ಲಿದೆ. ರಾಷ್ಟ್ರಕೂಟರ ರಾಜಧಾನಿ, ಅಮೋಘವರ್ಷ ನೃಪತುಂಗನ ಊರು. ಕವಿರಾಜಮಾರ್ಗದ ನೆಲದಲ್ಲಿ ಇದ್ದುಕೊಂಡು ಮನೆಯ ಗಿಳಿ ಬರೇ ದಖನಿ ಆಡಿದರೆ ನನ್ನ ಮರ್ಯಾದೆ ಏನಾಗಬೇಕು? ಅಮೆರಿಕದಲ್ಲಿ ಐರೀನ್ ಪೆಪ್ಪರ್‌ಬರ್ಗ್ ಎಂಬ ವಿಜ್ಞಾನಿ 1977ರಲ್ಲಿ ಶಿಕಾಗೋದ ಅಂಗಡಿಯಿಂದ ಇಂಥದೇ ಗಿಳಿ ತಂದು, ಅಲೆಕ್ಸ್ ಎಂದು ಹೆಸರಿಟ್ಟು, ನೂರಕ್ಕೂ ಹೆಚ್ಚು ಪದ ಕಲಿಸಿದರು. ಅದು ಬಣ್ಣ ಗುರುತಿಸುತ್ತಿತ್ತು, ಆರರವರೆಗೆ ಎಣಿಸುತ್ತಿತ್ತು. 2007ರಲ್ಲಿ ಸತ್ತಾಗ ಜಗತ್ತಿನ ಪತ್ರಿಕೆಗಳೆಲ್ಲ ಸುದ್ದಿ ಮಾಡಿದವು. ನಾನು ಕೇಳಿದ್ದು "ನಮಸ್ಕಾರ" ಒಂದೇ. ಬೆಳಿಗ್ಗೆ ಸಂಜೆ ಪಂಜರದ ಮುಂದೆ ಕೈ ಮುಗಿದು ನಿಂತು ಹೇಳಿದೆ. ನಾನು ಗಿಳಿಗೆ ದಿನಾ ನಮಸ್ಕಾರ ಹಾಕುತ್ತೇನೆಂಬ ಸುದ್ದಿ ಓಣಿಯಲ್ಲಿ ಹಬ್ಬಿತು. ಗಿಳಿ ಬಾಯಿ ಬಿಡಲಿಲ್ಲ.

ಕಲಿಸದೇ ಇದ್ದದ್ದನ್ನು ಮಾತ್ರ ಚೆನ್ನಾಗಿ ಕಲಿಯಿತು. ನನ್ನ ಕಚೇರಿ ಇರುವುದು ಚಿತ್ತಾಪುರದಲ್ಲಿ. ಬೆಳಿಗ್ಗೆ ಸಾಹೇಬರ ಫೋನು ಬಂದರೆ ಲುಂಗಿ ಉಟ್ಟುಕೊಂಡೇ "ಹಾದ್ಯಾಗ ಅದೀನ್ರಿ ಸರ, ಮಳಖೇಡ ದಾಟ್ಯದ" ಎನ್ನುವುದು ನನ್ನ ಹಳೆಯ ಪದ್ಧತಿ. ಒಂದು ದಿನ ಸಾಹೇಬರಿಗೆ ನನ್ನ ಉತ್ತರ ಎರಡು ಸಲ ಕೇಳಿಸಿತು, ಒಂದೇ ದನಿಯಲ್ಲಿ. "ನಿಮ್ಮ ಜೋಡಿ ಯಾರದಾರ?" ಎಂದರು. ಯಾರೂ ಇಲ್ಲ ಎನ್ನುವಷ್ಟರಲ್ಲಿ ಮೂರನೆಯ ಸಲವೂ ಮಳಖೇಡ ದಾಟಿತು. ಆಮೇಲೆ ಸಂಬಂಧಿಕರ ಮದುವೆಗೆ ಹೋಗುವಾಗ ವಾಡಿಯ ನಾದಿನಿಯ ಮನೆಯಲ್ಲಿ ಬಿಟ್ಟು ಹೋದೆವು. ವಾಡಿ ಜಂಕ್ಷನ್ ಅಂದಮೇಲೆ ಕೇಳಬೇಕೆ? ಮುಂಬೈ ಗಾಡಿ, ಚೆನ್ನೈ ಗಾಡಿ, ಸಿಕಂದರಾಬಾದ್ ಗಾಡಿ ಎಲ್ಲ ಕೂಡುವ ಜಾಗ. ನಾದಿನಿಯ ಮನೆ ಹಳಿಯ ಮಗ್ಗುಲಿಗೇ. ನವಾಬ ತಿರುಗಿ ಬಂದದ್ದು ಎಂಜಿನ್ ಹಾರನ್ ಮತ್ತು "ಯಾತ್ರಿಗಣ್ ಕೃಪಯಾ ಧ್ಯಾನ್ ದೇಂ" ಸಮೇತ. ಅಪ್ಪನಿಗೆ ಕಿವಿ ಸ್ವಲ್ಪ ಮಂದ. ಮೊದಲ ಎರಡು ದಿನ ಅವರು ಚೀಲ ಹಿಡಿದು ಎದ್ದು ನಿಲ್ಲುತ್ತಿದ್ದರು.

ಈ ಜಾತಿಯ ಗಿಳಿ ಮನೆಯಲ್ಲಿ ಒಬ್ಬರನ್ನು ಹಚ್ಚಿಕೊಂಡರೆ ಉಳಿದವರನ್ನು ಲೆಕ್ಕಕ್ಕಿಡುವುದಿಲ್ಲ. ಕಾಳು ತಂದವನು ನಾನು, ಪಂಜರ ತೊಳೆದವನು ನಾನು. "ಈ ಪೀಡೆ ನನ್ನ ಮನ್ಯಾಗ ಬ್ಯಾಡ" ಅಂದವಳು ನನ್ನ ಹೆಂಡತಿ. ನವಾಬ ಒಲಿದದ್ದು ಅವಳಿಗೆ. ಅವಳು ರೊಟ್ಟಿ ಬಡಿಯುವಾಗ ಹೆಗಲ ಮೇಲೆ ಕೂತು ಕಿವಿಯ ಹತ್ತಿರ ಗುಸುಗುಸು ಮಾಡುತ್ತಾನೆ. ಪ್ರೀತಿ ಉಕ್ಕಿದರೆ ತಿಂದದ್ದನ್ನು ಕಕ್ಕಿ ಅವಳಿಗೆ ಉಣಿಸಲು ನೋಡುತ್ತಾನೆ. ಗಿಳಿಗಳಲ್ಲಿ ಅದು ಒಲವಿನ ಲಕ್ಷಣ ಎಂದು ನಾನು ಓದಿ ಹೇಳಿದೆ. "ನೀವು ಇಷ್ಟು ವರ್ಷದಾಗ ಒಂದು ಚಹಾ ಮಾಡಿ ಕೊಟ್ಟಿಲ್ಲ" ಎಂದಳು.

ಮಾಘ ಮಾಸದ ಒಂದು ಸಂಜೆ ನವಾಬ ಕೋಲಿನ ಮೇಲೆ ನಡುಗತೊಡಗಿದ. ರೆಕ್ಕೆ ಪಟಪಟ ಬಡಿಯಿತು, ಕಾಲು ಸೋತವು, ದೊಪ್ಪನೆ ಕೆಳಗೆ ಬಿದ್ದ. ಎರಡು ನಿಮಿಷ ಬಿಟ್ಟು ಎದ್ದು ಏನೂ ಆಗಿಲ್ಲವೆಂಬಂತೆ "ಕ್ಯಾ ಮಿಯಾ" ಎಂದ. ಮನೆಯಲ್ಲಿ ಸಭೆ ಸೇರಿತು. ಅವ್ವ ದೃಷ್ಟಿ ಅಂದಳು. ಒಣಮೆಣಸಿನಕಾಯಿ, ಉಪ್ಪು ಇಳಿಸಿ ಒಲೆಗೆ ಹಾಕಿದಳು. ಆ ಘಾಟಿಗೆ ಮನೆಮಂದಿಯೆಲ್ಲ ಅಂಗಳಕ್ಕೆ ಓಡಿದೆವು, ಪಂಜರ ಹೊತ್ತುಕೊಂಡು. ಹಕ್ಕಿಯ ಉಸಿರಿನ ವ್ಯವಸ್ಥೆ ನಮ್ಮದಕ್ಕಿಂತ ಸೂಕ್ಷ್ಮ, ಪುಪ್ಪುಸದ ಜೊತೆಗೆ ಮೈತುಂಬ ಗಾಳಿಚೀಲಗಳಿವೆ, ಹೊಗೆ ಅದಕ್ಕೆ ವಿಷವಿದ್ದಂತೆ ಎಂದು ನಾನು ಕೆಮ್ಮುತ್ತ ಕೆಮ್ಮುತ್ತ ವಿವರಿಸಿದೆ. ಅಪ್ಪ ಎಲೆಗೆ ಸುಣ್ಣ ಹಚ್ಚುತ್ತ, "ನಿತ್ರಾಣ ಅದ. ಜರಾ ಸುಣ್ಣ ನೆಕ್ಕಿಸು" ಎಂದರು. ಎಲ್ಲರೂ ನಕ್ಕೆವು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು.

ದನದ ದವಾಖಾನೆಯ ಡಾಕ್ಟರು ಒಳ್ಳೆಯ ಮನುಷ್ಯ. ಸರದಿಯಲ್ಲಿ ಒಂದು ಎಮ್ಮೆ, ಎರಡು ಮೇಕೆ, ಆಮೇಲೆ ನಾವು. "ನಾ ನೋಡಿದ್ದು ಕೋಳಿ ಒಂದೇ ರೀ. ಇದರ ಮ್ಯಾಲ ಪ್ರಯೋಗ ಮಾಡಂಗಿಲ್ಲ" ಎಂದು ನೇರವಾಗಿ ಹೇಳಿದರು. ಆದರೂ ನಾನು ನಡುಕವನ್ನು ಅಭಿನಯಿಸಿ ತೋರಿಸಿದ ಮೇಲೆ, ಅಂದರೆ ನಾನು ಬೆಂಚಿನ ಮೇಲಿಂದ ಓರೆಯಾಗಿ ಜಾರಿದ ಮೇಲೆ, ಅವರ ಮುಖ ಬದಲಾಯಿತು. "ಕರು ಹಾಕಿದ ಆಕಳು ಹಿಂಗೇ ಬೀಳ್ತದ್ರಿ. ಮೈಯಾಗಿನ ಕ್ಯಾಲ್ಸಿಯಂ ಎಲ್ಲಾ ಹಾಲಿಗೆ ಹೋಗಿರ್ತದ. ರಗತಕ್ಕ ಕ್ಯಾಲ್ಸಿಯಂ ಏರಿಸಿದ್ರ ಎದ್ದು ನಿಂದರ್ತದ. ಇದೂ ಅದೇ ಇರಬೇಕು." ಬೀದರಿನಲ್ಲಿ ಜೊತೆಗೆ ಓದಿದ ಗೆಳೆಯರಿಗೆ ಫೋನು ಹಚ್ಚಿದರು. ಪಶುವೈದ್ಯ ವಿಶ್ವವಿದ್ಯಾಲಯವೇ ಬೀದರಿನಲ್ಲಿದೆ, ಆ ಗೆಳೆಯರು ಈಗ ಹೈದರಾಬಾದಿನಲ್ಲಿ ಹಕ್ಕಿ ನೋಡುತ್ತಾರೆ. ಅಲ್ಲಿಗೆ ಹೋದೆವು. ರಕ್ತ ಪರೀಕ್ಷೆ ಆಯಿತು. ಹೈದರಾಬಾದಿನ ಯಂತ್ರ ಹೇಳಿದ್ದೂ ಸೇಡಂನ ಆಕಳು ಹೇಳಿದ್ದೂ ಒಂದೇ. ಬೂದು ಗಿಳಿಗಳಿಗೆ ಇದು ಹೆಸರಾಂತ ಕಾಯಿಲೆಯಂತೆ: ರಕ್ತದಲ್ಲಿ ಕ್ಯಾಲ್ಸಿಯಂ ಇಳಿದು ಫಿಟ್ಸ್ ಬರುತ್ತದೆ.

ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಅವರು ಏನೂ ಅನ್ನಲಿಲ್ಲ, ಸುಣ್ಣದ ಡಬ್ಬಿಯನ್ನು ನನ್ನ ಕಡೆ ಸರಿಸಿದರು. ಎಲೆಯ ಸುಣ್ಣ ಬಾಯಿ ಸುಡುತ್ತದೆ, ಹಕ್ಕಿಗೆ ಕೊಡಬಾರದು ಎಂದು ಡಾಕ್ಟರು ಹೇಳಿದ್ದನ್ನು ಎರಡು ಸಲ ಹೇಳಿದೆ. ಕಿವಿ ಮಂದವಿರುವುದು ಅವರಿಗೆ ಬೇಕಾದಾಗ ಮಾತ್ರ.

ಡಾಕ್ಟರು ಕೊಟ್ಟದ್ದು ಸಿರಪ್, ಮತ್ತು ಪಂಜರಕ್ಕೆ ಕಟ್ಟಲು ಸಮುದ್ರಫೇನ. ಕಟಲ್ ಫಿಶ್ ಎಂಬ ಕಡಲ ಪ್ರಾಣಿಯ ಬೆನ್ನ ಚಿಪ್ಪು ಅದು. ಅದೂ ಕ್ಯಾಲ್ಸಿಯಂ ಕಾರ್ಬೊನೇಟೇ. ಒಣಗಿದ ಸಮುದ್ರದ ಮೇಲೆ ಮನೆ ಕಟ್ಟಿಕೊಂಡವನು ಬೇರೆ ಸಮುದ್ರದಿಂದ ಕ್ಯಾಲ್ಸಿಯಂ ತರಿಸುತ್ತಿದ್ದೇನೆಂದು ಪಕ್ಕದ ಮನೆಯ ಖಣಿ ಕಂತ್ರಾಟದಾರರು ತಿಳಿದು, "ಹೇಳಿದ್ರ ಒಂದು ಟಿಪ್ಪರ್ ಕಳಿಸ್ತಿದ್ದೆ" ಎಂದರು.

ಊಟದ ಪಟ್ಟಿ ಇದಕ್ಕಿಂತ ಕಠಿಣ. ನಮ್ಮಲ್ಲಿ ಸೂರ್ಯಪಾನ, ಅಂದರೆ ಸೂರ್ಯಕಾಂತಿ, ಹೊಲದಲ್ಲೇ ಬೆಳೆಯುತ್ತದೆ. ಅದರ ಕಾಳು ಕಂಡರೆ ನವಾಬ ಕುಣಿಯುತ್ತಿದ್ದ, ನಾನು ಬಟ್ಟಲು ತುಂಬುತ್ತಿದ್ದೆ. ಅದರಲ್ಲಿರುವುದು ಕೊಬ್ಬು. ಕ್ಯಾಲ್ಸಿಯಂ ಕಡಿಮೆ, ಎ ಜೀವಸತ್ವ ಇಲ್ಲವೆನ್ನುವಷ್ಟು. ಗಜ್ಜರಿ, ನುಗ್ಗೆಸೊಪ್ಪು, ಮೊಳಕೆ ಬರಿಸಿ ಬೇಯಿಸಿದ ಕಾಳು ಕೊಡಿ ಎಂದರು. ಪಾಲಕ್ ಕಡಿಮೆ ಮಾಡಿ, ಅದರಲ್ಲಿನ ಆಕ್ಸಲೇಟ್ ಇದ್ದ ಕ್ಯಾಲ್ಸಿಯಂ ಅನ್ನೂ ಹಿಡಿದಿಡುತ್ತದೆ ಎಂದರು. ಇಲ್ಲಿಯವರೆಗೆ ಸರಿ. "ರಾಗಿ ಕೊಡಿ" ಎಂದಾಗ ಮಾತ್ರ ಮನೆಯಲ್ಲಿ ಮೌನ ಬಿತ್ತು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ, ನಮ್ಮ ಜೋಳದಲ್ಲಿ ಮೂವತ್ತರ ಆಸುಪಾಸು. ಬಿಳಿಜೋಳದ ರೊಟ್ಟಿಯೇ ಅನ್ನ, ಉಳಿದದ್ದೆಲ್ಲ ಜಡ್ಡಿನವರ ಪಥ್ಯ ಎಂದು ಬಾಳಿದ ಅವ್ವ, ಗಿಳಿಯ ಸಲುವಾಗಿ ಅಂಬಲಿ ಕುದಿಸುವಾಗ ಯಾರೂ ನೋಡಬಾರದೆಂದು ಅಡುಗೆಮನೆಯ ಬಾಗಿಲು ಮುಂದೆ ಮಾಡಿದಳು.

ಆದರೆ ತಿಂದ ಕ್ಯಾಲ್ಸಿಯಂ ಮೈಗೆ ಹತ್ತಬೇಕಾದರೆ ಡಿ ಜೀವಸತ್ವ ಬೇಕು, ಅದಕ್ಕೆ ಬಿಸಿಲು ಬೇಕು. "ಬಿಸಿಲು ತೋರಸ್ತೀರೇನು?" ಎಂದು ಕೇಳಿದರು ಹೈದರಾಬಾದಿನ ಡಾಕ್ಟರು, ಕಲಬುರಗಿ ಜಿಲ್ಲೆಯ ಮನುಷ್ಯನಿಗೆ. ಬೇಸಿಗೆಯಲ್ಲಿ ನಲವತ್ತಮೂರು, ನಲವತ್ತನಾಲ್ಕು ಡಿಗ್ರಿ. ನಮ್ಮಲ್ಲಿ ಬಿಸಿಲು ಕೇಳಿ ಬರುವುದಿಲ್ಲ. ನವಾಬ ಕೂರುವುದು ಪೂರ್ವದ ಕಿಟಕಿಯಲ್ಲೇ ಎಂದೆ ಹೆಮ್ಮೆಯಿಂದ. ಕಿಟಕಿಗೆ ಗಾಜಿದೆಯೇ? ಇದೆ. ಗಾಜು ಬಿಸಿಲಿನ ಬೆಳಕನ್ನೂ ಕಾವನ್ನೂ ಬಿಡುತ್ತದಂತೆ, ಡಿ ಜೀವಸತ್ವ ಹುಟ್ಟಿಸುವ ಅತಿನೇರಳೆ ಕಿರಣವನ್ನಷ್ಟೇ ತಡೆಯುತ್ತದಂತೆ. ಧೂಳು ಬರುತ್ತದೆಂದು ಆ ಗಾಜು ಹಾಕಿಸಿದವನು ನಾನೇ. ಅವತ್ತಿನಿಂದ ಬೆಳಗಿನ ಬಿಸಿಲಿಗೆ ಪಂಜರ ಅಂಗಳಕ್ಕೆ ಹೊರಡುತ್ತದೆ. ಅರ್ಧ ಪಂಜರಕ್ಕೆ ಬಟ್ಟೆಯ ನೆರಳು. ಪಕ್ಕದಲ್ಲಿ ಬೆಕ್ಕು, ಹದ್ದು ಕಾಯಲು ಒಬ್ಬ ಆಳು. ಆಳು ಯಾರೆಂದು ಹೇಳಬೇಕಾಗಿಲ್ಲ.

ಹಕ್ಕಿ ರೋಗ ಬಚ್ಚಿಡುತ್ತದೆ. ಕಾಡಿನಲ್ಲಿ ನಿತ್ರಾಣ ತೋರಿಸಿದರೆ ಬೇಟೆಯ ಪ್ರಾಣಿಗೆ ತುತ್ತು. ಅದಕ್ಕೇ ದಿನಾ ತೂಕ ನೋಡಬೇಕು, ಹಿಕ್ಕೆ ನೋಡಬೇಕು. ಪಂಜರದ ಕೆಳಗೆ ಹಾಸಿದ ಪೇಪರಿನ ಮುಂದೆ ಕನ್ನಡಕ ಏರಿಸಿ ಕೂರುತ್ತೇನೆ: ಹಸಿರು ಭಾಗ ಸರಿ, ಬಿಳಿ ಭಾಗ ಸರಿ, ನೀರಿನಂಶ ಸರಿ. ಬಂದವರು ನಾನು ಸಂಪಾದಕೀಯ ಓದುತ್ತಿದ್ದೇನೆಂದು ತಿಳಿದು "ಏನ್ ಬರದಾರ್ರಿ ಇವತ್ತು?" ಎನ್ನುತ್ತಾರೆ. ಅಡುಗೆಮನೆಯ ತಕ್ಕಡಿಯಲ್ಲಿ ನವಾಬ ಹತ್ತು ಗ್ರಾಂ ಇಳಿದರೆ ದುಬೈಗೆ ಫೋನು ಹೋಗುತ್ತದೆ. ನಾನು ಹತ್ತು ಕಿಲೋ ಏರಿದ್ದು ಎದುರು ಮನೆಗೂ ಗೊತ್ತಿಲ್ಲ. ನಾನ್‌ಸ್ಟಿಕ್ ಹಂಚು ಅತಿಯಾಗಿ ಕಾದರೆ ಬರುವ ಹೊಗೆ ಗಿಳಿಯನ್ನು ನಿಮಿಷಗಳಲ್ಲಿ ಕೊಲ್ಲಬಲ್ಲದು. ಆ ಹಂಚು ಮನೆ ಬಿಟ್ಟು ಹೋಯಿತು, ರೊಟ್ಟಿಯ ಕಬ್ಬಿಣದ ಹಂಚು ಗೆದ್ದಿತು. ಲೋಬಾನ, ಊದುಬತ್ತಿ, ಸೊಳ್ಳೆಬತ್ತಿ ಹೋದವು. ಹೆಂಡತಿ ಮದುವೆಯಾದಾಗಿನಿಂದ ಬೈದರೂ ಬಿಡದ ನನ್ನ ಸಿಗರೇಟು ಕೂಡ ಅದೇ ವಾರ ಹೋಯಿತು. "ನನ್ನ ಮಾತಿಗಿಲ್ಲದ ಕಿಮ್ಮತ್ತು ಗಿಣಿಗದ" ಎಂದಳು.

ಚಿಂಚೋಳಿಯ ದೊಡ್ಡವ್ವ ಬಂದವಳು ಪಂಜರದ ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು. "ನಮ್ಮ ಅಡವ್ಯಾಗ ಹಸರ ಗಿಣಿ ಹಿಂಡಗಟ್ಟಲೆ ಅದಾವ. ಪುಕ್ಕಟ ಸಿಗೂದು ಬಿಟ್ಟು ಈ ಬೂದಿ ಬಡದದ್ದು ಯಾಕ ತಂದಿ?" ಹಸಿರು ಗಿಳಿ ನಮ್ಮ ನೆಲದ್ದು, 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಹಿಡಿಯುವಂತಿಲ್ಲ, ಸಾಕುವಂತಿಲ್ಲ, ಅಪರಾಧ ಎಂದೆ. ಇದು ಆಫ್ರಿಕದ್ದು, ಕಾಡಿನಿಂದ ಹಿಡಿದು ದೇಶದಿಂದ ದೇಶಕ್ಕೆ ಮಾರುವುದಕ್ಕೆ 2017ರಿಂದ ಅಂತರರಾಷ್ಟ್ರೀಯ ನಿಷೇಧವಿದೆ. ಮನೆಯಲ್ಲಿರುವುದನ್ನು 2024ರ ನಿಯಮದ ಪ್ರಕಾರ ಅರಣ್ಯ ಇಲಾಖೆಗೆ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು, ನೋಂದಾಯಿಸಿದ್ದೇವೆ ಎಂದೆ. ದೊಡ್ಡವ್ವ ಯೋಚಿಸಿದಳು. "ಅಂದ್ರ, ಊರಾಗಿಂದು ನಡ್ಯಂಗಿಲ್ಲ, ಪರದೇಶದ್ದು ನಡೀತದ. ನಿಮ್ಮಣ್ಣ ಸೊಸಿ ತರೂ ಮುಂದ ಹಿಂಗೇ ಹೇಳಿದ್ದ."

2022ರಲ್ಲಿ ತುಮಕೂರಿನ ಒಂದು ಮನೆಯಿಂದ ರುಸ್ತುಮಾ ಎಂಬ ಬೂದು ಗಿಳಿ ಹಾರಿಹೋಗಿ, ಹುಡುಕಿಕೊಟ್ಟವರಿಗೆ ಐವತ್ತು ಸಾವಿರ ಎಂದು ಊರೆಲ್ಲ ಪೋಸ್ಟರ್ ಹಚ್ಚಿ, ಸಿಕ್ಕ ಖುಷಿಗೆ ಎಂಬತ್ತೈದು ಸಾವಿರ ಕೊಟ್ಟ ಸುದ್ದಿಯನ್ನು ನಾನು ಮನೆಯಲ್ಲಿ ಓದಬಾರದಿತ್ತು. ನಾನು ಕಳೆದರೆ ಎಷ್ಟು ಇಡುತ್ತೀ ಎಂದು ಹೆಂಡತಿಯನ್ನು ಕೇಳಲೂಬಾರದಿತ್ತು. "ನೀವು ಎಲ್ಲಿ ಹೋಗ್ತೀರಿ, ಮಳಖೇಡ ದಾಟಿರ್ತೀರಿ" ಎಂದಳು.

ಮೊನ್ನೆ ಮೊಣಕಾಲು ನೋವೆಂದು ನಾನೂ ರಕ್ತ ಕೊಟ್ಟು ಬಂದೆ. ವರದಿ ಬಂತು: ಡಿ ಜೀವಸತ್ವ ಕಡಿಮೆ, ಕ್ಯಾಲ್ಸಿಯಂ ಅಂಚಿನಲ್ಲಿ. ಹೆಂಡತಿ ಎರಡೂ ವರದಿಗಳನ್ನು ಒಂದೇ ಫೈಲಿಗೆ ಸೇರಿಸಿದಳು. ಈಗ ಬೆಳಿಗ್ಗೆ ಅಂಗಳದಲ್ಲಿ ನಾವಿಬ್ಬರೂ ಕೂರಬೇಕು, ಇಬ್ಬರಿಗೂ ರಾಗಿ ಅಂಬಲಿ. ನವಾಬನಿಗೆ ಮೊದಲು. ರಜೆಯ ದಿನ ನಾನು ಹಾಸಿಗೆಯಲ್ಲಿ ಹೊರಳಾಡುತ್ತಿದ್ದರೆ "ಏನ್ರೀ, ಬಿಸಿಲಿಗಿ ಬರ್ರಿ" ಎಂಬ ಕೂಗು ಬರುತ್ತದೆ. ಎದ್ದು ಓಡಿ ಬಂದು ನೋಡಿದರೆ ಎಷ್ಟೋ ಸಲ ಹೆಂಡತಿ ಸಂತೆಗೆ ಹೋಗಿರುತ್ತಾಳೆ, ನವಾಬ ಒಂದು ಕಾಲ ಮೇಲೆ ನಿಂತು ನನ್ನನ್ನು ಮೇಲಿಂದ ಕೆಳಗೆ ನೋಡುತ್ತಿರುತ್ತಾನೆ. ದನಿ ಅಷ್ಟು ಥೇಟ್. ಹೋದ ಭಾನುವಾರ ಕೂಗು ಬಂದಾಗ, ಮತ್ತೆ ಮೋಸ ಹೋಗುವವನಲ್ಲ ನಾನು ಎಂದುಕೊಂಡು, ಹೊದಿಕೆ ಎಳೆದುಕೊಂಡು "ನಕ್ಕೋ" ಎಂದೆ.

ಅವತ್ತು ಗಿಳಿ ಆಗಿರಲಿಲ್ಲ.