ರ‍್ಯಾಮ್ ನಾಮ ಸತ್ಯ

ಹೊಸ ರ‍್ಯಾಮ್ ಹಾಕಿಸಿದ ಮೇಲೆ ಕಂಪ್ಯೂಟರ್ ಹೊತ್ತುಗೊತ್ತಿಲ್ಲದೆ ಮೂರ್ಛೆ ಹೋಗತೊಡಗಿದರೆ ಕಾಶಿಯಲ್ಲಿ ಮೊದಲು ಬೈಸಿಕೊಳ್ಳುವುದು ಕರೆಂಟು, ಆಮೇಲೆ ವೈರಸ್ಸು. ಬೇಸಿಗೆ 45 ಡಿಗ್ರಿ ಮುಟ್ಟುವ ಊರಲ್ಲಿ ಈ ಅನುಮಾನ ತೀರಾ ಅನ್ಯಾಯದ್ದೇನಲ್ಲ. ಆದರೆ ಅದೇ ಕರೆಂಟು, ಅದೇ ಧೂಳು, ಅದೇ ಸೆಕೆಯಲ್ಲಿ ನಿನ್ನೆಯವರೆಗೂ ಓಡಿದ ಯಂತ್ರ ಇವತ್ತು ಬಿದ್ದರೆ, ಹೊಸದಾಗಿ ಒಳಬಂದವರನ್ನು ಮೊದಲು ವಿಚಾರಿಸಬೇಡವೇ? ‘ಹೊಸದು ಹೇಗೆ ಕೆಡುತ್ತದೆ ಸ್ವಾಮಿ?’ ಎನ್ನುತ್ತಾರೆ. ಕೆಡಬೇಕಾಗಿಯೇ ಇಲ್ಲ. ಹಳೆಯ ತುಂಡು, ಹೊಸ ತುಂಡು ಎರಡೂ ಒಂಟಿಯಾಗಿ ಸಾಧು. ಜೊತೆಗೆ ಕೂರಿಸಿದರೆ ವೇಗ, ವೋಲ್ಟೇಜು ಹೊಂದದೆ ಶಹನಾಯಿ ಒಂದು ಶ್ರುತಿ, ತಬಲಾ ಇನ್ನೊಂದು.

‘ನೆನಪಿನ ತುಂಡನ್ನು ಇಷ್ಟು ಶಂಕಿಸಬೇಕೆ?’ ಎಂಬವರು ಕಾಶಿಯಲ್ಲೇ ಇರುವ ಐಐಟಿ ಬಿಎಚ್‌ಯು ಕಡೆ ನೋಡಲಿ. ಅಲ್ಲಿ 2019ರಲ್ಲಿ ಉದ್ಘಾಟನೆಯಾದ 837 ಟೆರಾಫ್ಲಾಪ್‌ನ ಪರಮ್ ಶಿವಾಯ್ ಸೂಪರ್‌ಕಂಪ್ಯೂಟರ್ ಇದೆ. ಅಂಥ ಮಹಾಯಂತ್ರಗಳಿಗೆ ಹಾಕುವುದೇ, ಒಂದು ಬಿಟ್ ತಪ್ಪಿದರೆ ತಾನೇ ತಿದ್ದಿಕೊಳ್ಳುವ ಇಸಿಸಿ ಮೆಮೊರಿ. ಶಿವನ ಹೆಸರಿಟ್ಟುಕೊಂಡವರಿಗೇ ಇಲ್ಲದ ನಂಬಿಕೆ ನಮಗೇಕೆ? ಆದ್ದರಿಂದ ವಿಂಡೋಸ್ ಮತ್ತೆ ಹಾಕಿಸುವ ಪ್ರಾಯಶ್ಚಿತ್ತಕ್ಕೆ ಮುಂಚೆ (ಊರು ಕಾಶಿ, ಪ್ರಾಯಶ್ಚಿತ್ತಕ್ಕೆ ಎಲ್ಲರಿಗೂ ಅವಸರ) ಒಂದೊಂದೇ ತುಂಡು ಇಟ್ಟು, ಆಮೇಲೆ ಎರಡನ್ನೂ ಜೊತೆಗಿಟ್ಟು ರಾತ್ರಿಯಿಡೀ ಮೆಮ್‌ಟೆಸ್ಟ್ ಓಡಿಸಬೇಕು, ಬಯಾಸ್‌ನಲ್ಲಿ ಎಕ್ಸ್‌ಎಂಪಿ ಎಂಬ ವೇಗ ಹೆಚ್ಚಿಸುವ ಸೆಟ್ಟಿಂಗ್ ಆಫ್ ಮಾಡಿ ನೋಡಬೇಕು. ಎರಡೂ ಪರೀಕ್ಷೆಯಲ್ಲಿ ರ‍್ಯಾಮ್ ನಿರಪರಾಧಿ ಎಂದಾದರೆ ಮಾತ್ರ ಕರೆಂಟು ಪೂರೈಸುವ ಹಳೆಯ ಎಸ್‌ಎಂಪಿಎಸ್ಸನ್ನು ಕಟಕಟೆಗೆ ಕರೆಯಬಹುದು.