ರೆಪ್ಪೆ–ಮೂಗುತಿ ವಿಚಾರ: ಎಫ್/1.2 ಲೆನ್ಸಿನ ಸಮೀಪ ಶಾರ್ಪ್‌ನೆಸ್ ಕುರಿತ ಅಲ್ಪಮೀಮಾಂಸೆ

1. ವಿಷಯ

ಲೆನ್ಸುಗಳಲ್ಲಿ ಪ್ರೈಮ್ ಲೆನ್ಸು ವ್ರತನಿಷ್ಠವಾದದ್ದು. ಜೂಮ್ ಮಾಡುವುದಿಲ್ಲ, ಬೇಕಾದರೆ ಫೋಟೊಗ್ರಾಫರನೇ ಎದ್ದು ನಡೆಯಬೇಕು. ಅವುಗಳಲ್ಲೂ ಕ್ಯಾನನ್ ಇಎಫ್ 50 ಎಂಎಂ ಎಫ್/1.2 ಎಲ್ ಎಂಬುದು ಕೊರಳಿಗೆ ಕೆಂಪು ಪಟ್ಟಿ ಧರಿಸಿದ ಕುಲೀನ ವಂಶದ್ದು. 45 ಸೆಂಟಿಮೀಟರಿಗಿಂತ ಹತ್ತಿರ ಬಂದದ್ದರ ಮೇಲೆ ಅದು ದೃಷ್ಟಿ ನೆಡುವುದಿಲ್ಲ. ಈ ಮಡಿಯ ಅಂತರದಲ್ಲಿ ನಿಂತು, ಅಪರ್ಚರ್ ಪೂರ್ತಿ ತೆರೆದು, ಮದುಮಗಳ ಮುಖವನ್ನು ತೆಗೆಯಲಾಯಿತು. ರೆಪ್ಪೆ ಸ್ಪಷ್ಟ, ಮೂಗುತಿ ಮಂಜು. ಇದೇ ಪ್ರಕೃತ ಪ್ರಬಂಧದ ವಿಷಯ.

2. ಸಂಶಯ

ಲೆನ್ಸು ಶಾರ್ಪೋ ಅಲ್ಲವೋ? ಶಾರ್ಪ್ ಎಂದರೆ ಮೂಗುತಿಗೆ ಅನ್ಯಾಯ. ಅಲ್ಲವೆಂದರೆ ರೆಪ್ಪೆಗೆ ಅವಮಾನ, ಇಎಂಐಗೂ.

3. ಪೂರ್ವಪಕ್ಷ

ಮೊದಲನೆಯವರು ಬಿಲ್‌ವಾದಿಗಳು. ದುಬಾರಿಯಾದದ್ದೆಲ್ಲ ಶಾರ್ಪ್, ಈ ಲೆನ್ಸು ದುಬಾರಿ, ಆದ್ದರಿಂದ ಶಾರ್ಪ್ ಎಂಬುದು ಅವರ ಅನುಮಾನ. ಇದರಲ್ಲಿ ವ್ಯಭಿಚಾರ ದೋಷವಿದೆ: ಇದಕ್ಕಿಂತ ಎಷ್ಟೋ ಅಗ್ಗದ ಮ್ಯಾಕ್ರೋ ಲೆನ್ಸು ಇದೇ ಅಂತರದಲ್ಲಿ ಮೂಲೆಮೂಲೆಯನ್ನೂ ನಿಚ್ಚಳವಾಗಿ ತೋರಿಸುತ್ತದೆ.

ಎರಡನೆಯವರು ಗೋಡೆವಾದಿಗಳು. ಇವರು ಗೋಡೆಗೆ ದಿನಪತ್ರಿಕೆ ಅಂಟಿಸಿ, ಟ್ರೈಪಾಡ್ ಊರಿ, ಬಂದ ಚಿತ್ರವನ್ನು ನೂರು ಪರ್ಸೆಂಟಿಗೆ ಹಿಗ್ಗಿಸಿ, ಮೂಲೆಯ ಶ್ರದ್ಧಾಂಜಲಿ ಜಾಹೀರಾತು ಓದಲಾಗುತ್ತಿಲ್ಲವೆಂದು ವ್ಯಥೆಪಡುತ್ತಾರೆ. ಗೋಡೆಗೆ ಮದುವೆಯಿಲ್ಲ, ಮೂಗೂ ಇಲ್ಲ. ಆದ್ದರಿಂದ ಇವರ ಪ್ರಮಾಣ ಪ್ರಕೃತಕ್ಕೆ ಅನ್ವಯಿಸದು.

ಮೂರನೆಯವರು ಬೊಕೆವಾದಿಗಳು. ಹಿನ್ನೆಲೆಯ ಸೀರಿಯಲ್ ಸೆಟ್ ದೀಪಗಳು ದುಂಡಗೆ ಕರಗಿದ ಮೇಲೆ ಮೂಗುತಿಯ ಗೊಡವೆ ಏಕೆ, ಮಸುಕೇ ಸತ್ಯ ಎನ್ನುತ್ತಾರೆ. ಹಾಗಾದರೆ ರೆಪ್ಪೆಗಾದರೂ ಫೋಕಸ್ ಏಕೆ ಮಾಡಿದಿರಿ ಎಂದು ಕೇಳಿದರೆ ಮೌನ.

4. ಸಿದ್ಧಾಂತ

ಮೂವರೂ ಶಾರ್ಪ್‌ನೆಸ್ಸನ್ನು ಲೆನ್ಸಿನ ಗುಣವೆಂದು ಬಗೆದಿದ್ದಾರೆ. ಹಾಗಲ್ಲ. ಅದೊಂದು ತಗಡು. ಹೇಗೆಂದರೆ:

ಸೆನ್ಸರಿನ ಮೇಲೆ 0.03 ಎಂಎಂ ಮೀರದ ಮಸುಕನ್ನು ಮಸುಕೆಂದು ಎಣಿಸಬಾರದು ಎಂಬುದು 35 ಎಂಎಂ ಫಿಲ್ಮಿನ ಕಾಲದಿಂದ ಬಂದ ಶಿಷ್ಟಾಚಾರ. ಅದನ್ನೊಪ್ಪಿ ಗುಣಿಸಿದರೆ, 45 ಸೆಂಟಿಮೀಟರಿನಲ್ಲಿ ಎಫ್/1.2ಕ್ಕೆ ಸಿಗುವ ಸ್ಪಷ್ಟತೆಯ ಆಳ ಸುಮಾರು 3.7 ಎಂಎಂ. ರೆಪ್ಪೆಗೂ ಮೂಗುತಿಗೂ ನಡುವೆ ಬೆರಳಗಲದ ಆಳವಿದೆ. ಒಂದೇ ತಗಡಿನ ಮೇಲೆ ಇಬ್ಬರಿಗೂ ಜಾಗವಿಲ್ಲ.

ಫೋಕಸ್ ಸರಿಯಾಗಿಯೇ ಮಾಡಿದ್ದೆ ಎಂಬ ಆಕ್ಷೇಪವುಂಟು. ಮಾಡಿದ್ದು ನಿಜ, ಆಮೇಲೆ ಕ್ಯಾಮೆರಾ ತಿರುಗಿಸಿದ್ದೂ ನಿಜ. ನಡುಚುಕ್ಕೆಯಿಂದ ಕಣ್ಣು ಹಿಡಿದು, ಚೌಕಟ್ಟು ಚೆಂದವಾಗಲೆಂದು ಹತ್ತು ಡಿಗ್ರಿ ಹೊರಳಿಸಿದರೆ ತಗಡು 5 ಎಂಎಂಗೂ ಹೆಚ್ಚು ಹಿಂದೆ ಸರಿಯುತ್ತದೆ. ಹೊರಳಿಸದೆ ಬರೀ ಉಸಿರೆಳೆದರೂ ಸಾಕು. ಶಾರ್ಪ್ ಚಿತ್ರ ಬೇಕಿದ್ದವನಿಗೆ ಪ್ರಾಣಾಯಾಮ ವಿಹಿತ.

ತಗಡಿನ ಒಳಗಿದ್ದ ರೆಪ್ಪೆಗೂ ಹಾಲು ಚೆಲ್ಲಿದಂಥ ಹೊಳಪೇಕೆ? 19ನೇ ಶತಮಾನದ ಮಧ್ಯದಲ್ಲಿ ಜರ್ಮನಿಯ ಲುಡ್ವಿಗ್ ಸೈಡೆಲ್ ಲೆನ್ಸಿಗೆ ಪಂಚದೋಷಗಳನ್ನು ಹೇಳಿದ. ಅವುಗಳಲ್ಲಿ ಜ್ಯೇಷ್ಠ ಗೋಳೀಯ ವಿಪಥನ: ಗಾಜಿನ ಅಂಚಿನಿಂದ ಬಂದ ಕಿರಣವೂ ನಡುವಿನಿಂದ ಬಂದ ಕಿರಣವೂ ಒಂದೇ ಕಡೆ ಸೇರಲೊಲ್ಲವು. 1896ರಲ್ಲಿ ತ್ಸೈಸ್‌ನ ಪೌಲ್ ರುಡಾಲ್ಫ್ ರೂಪಿಸಿದ ಪ್ಲಾನಾರ್‌ನಿಂದ ಮೊದಲ್ಗೊಂಡು, ಅದರ ಗೋತ್ರದ ಸಾಮಾನ್ಯ ಲೆನ್ಸುಗಳನ್ನು ದೂರದ ವಸ್ತುವಿಗೆ ಹೊಂದುವಂತೆ ತಿದ್ದುವುದು ರೂಢಿ. ಹತ್ತಿರ ಹೋದಂತೆ ಆ ತಿದ್ದುಪಡಿ ಕೆಡುತ್ತದೆ. ಅಪರ್ಚರ್ ದೊಡ್ಡದಾದಷ್ಟೂ ಅಂಚಿನ ಕಿರಣಗಳ ಗಲಾಟೆ ಜೋರು. ಅಲ್ಲದೆ ಅಷ್ಟು ಸಮೀಪದಲ್ಲಿ ಬೆಳಕಿನ ಲೆಕ್ಕಕ್ಕೆ ಎಫ್/1.2 ಎಂಬುದು ಹೆಚ್ಚುಕಡಿಮೆ ಎಫ್/1.4 ಆಗಿಬಿಡುತ್ತದೆ. ದುಡ್ಡು ಮಾತ್ರ 1.2ರದ್ದೇ.

5. ಪ್ರಾಯಶ್ಚಿತ್ತ

ಅಪರ್ಚರ್ ಎಫ್/2.8ಕ್ಕೆ ಇಳಿಸಿದರೆ ದೋಷ ಶಮನವಾಗದೇ? ಆಗುತ್ತದೆ, ಆದರೆ ಇನ್ನೊಂದು ಹುಟ್ಟುತ್ತದೆ. ಎಸ್‌ಎಲ್‌ಆರ್ ಕ್ಯಾಮೆರಾ ಅಪರ್ಚರ್ ತೆರೆದಿಟ್ಟು ಫೋಕಸ್ ಮಾಡಿ, ಕ್ಲಿಕ್ಕಿಸುವ ಗಳಿಗೆಯಲ್ಲಿ ಅದನ್ನು ಕಿರಿದು ಮಾಡುತ್ತದೆ. ಅಂಚಿನ ಕಿರಣಗಳನ್ನು ಹೊರಗಿಟ್ಟೊಡನೆ ಫೋಕಸ್ ಹಿಂದಕ್ಕೆ ಜಾರುತ್ತದೆ. ಈ ಲೆನ್ಸಿನ ಸಮೀಪಚಿತ್ರಗಳಲ್ಲಿ ಇದು ಪ್ರಸಿದ್ಧ. ರೆಪ್ಪೆಯೂ ಇಲ್ಲ, ಮೂಗುತಿಯೂ ಇಲ್ಲ. ಓಲೆಯ ಕಡೆಗೆ ಯಾತ್ರೆ.

ನಿಜವಾದ ಪರಿಹಾರ ತೇಲುವ ಗಾಜು: ಹತ್ತಿರಕ್ಕೆ ಫೋಕಸ್ ಮಾಡುವಾಗ ಒಳಗಿನ ಗಾಜುಗಳ ನಡುವಣ ಅಂತರವೂ ಬದಲಾಗುವ ಏರ್ಪಾಟು. ನಿಕಾನ್ ಇದನ್ನು 1967ರಲ್ಲೇ ತನ್ನ 24 ಎಂಎಂ ಎಫ್/2.8ರಲ್ಲಿ ತಂದಿತು. ಕ್ಯಾನನ್‌ನ 85 ಎಂಎಂ ಎಫ್/1.2ರಲ್ಲೂ ಇದೆ. ನಮ್ಮ ಐವತ್ತರಲ್ಲಿ ಇಲ್ಲ. ಏಕಿಲ್ಲವೆಂದರೆ, ಇಲ್ಲದ್ದರಿಂದಲೇ ಮುಖದ ಚರ್ಮ ನುಣುಪಾಗಿ ಬರುತ್ತದೆಂದು ಭಕ್ತರು ವ್ಯಾಖ್ಯಾನ ಬರೆದಿದ್ದಾರೆ. ಕಂಪನಿ ತಯಾರಿಸದ ಗುಣವನ್ನು ವ್ಯಾಖ್ಯಾನಕಾರರೇ ತಯಾರಿಸಿಕೊಂಡ ನಿದರ್ಶನವಿದು.

6. ಪ್ರಯೋಜನ

ಇಷ್ಟರಿಂದ ಸಿದ್ಧವಾದದ್ದು: ಲೆನ್ಸು ಶಾರ್ಪೋ ಎಂದು ಕೇಳುವುದು ಅಪೂರ್ಣ ಪ್ರಶ್ನೆ; ಎಷ್ಟು ದೂರದಲ್ಲಿ, ಎಷ್ಟು ತೆರೆದು, ಎಲ್ಲಿ ಎಂದೂ ಕೇಳಬೇಕು. ಸಮೀಪದಲ್ಲಿ ಎರಡೂ ಕಣ್ಣು ಬೇಕಾದವನು ಮದುಮಗಳ ಮುಖವನ್ನು ನೇರಕ್ಕೆ ತಿರುಗಿಸಿಕೊಳ್ಳಲಿ. ಮೂಗುತಿಯೂ ಬೇಕಾದವನು ಎರಡು ಹೆಜ್ಜೆ ಹಿಂದೆ ಸರಿಯಲಿ. ಹತ್ತಿರ ಹೋಗಲೆಂದೇ ಕೊಂಡ ಲೆನ್ಸಿಗೆ ಹಿಂದೆ ಸರಿಯುವುದೇ ಪರಮ ಸಾಧನವೆಂಬುದು ಈ ಶಾಸ್ತ್ರದ ರಹಸ್ಯ.

ಆಲ್ಬಂ ಕೈಗೆ ಬಂದ ದಿನ ಇದ್ಯಾವುದೂ ಚರ್ಚೆಗೆ ಬರುವುದಿಲ್ಲ. ಹುಡುಗಿಯ ಸೋದರತ್ತೆ ಹಾಳೆ ಮಗುಚುತ್ತ ಕೇಳುತ್ತಾರೆ: “ನಾನು ಅವಳ ಹಿಂದೆಯೇ ನಿಂತಿದ್ದೆನಲ್ಲಪ್ಪ, ರೇಷ್ಮೆ ಸೀರೆ ಉಟ್ಟುಕೊಂಡು. ಎಲ್ಲಿ ಹೋದೆ?” ಹಿನ್ನೆಲೆಯಲ್ಲಿ ಕೆನೆಯಂತೆ ಕರಗಿರುವ ಆ ಹಸಿರು ಬೊಕೆಯೇ ಅವರು. ಈ ಆಕ್ಷೇಪಕ್ಕೆ ಯಾವ ಪಕ್ಷದಲ್ಲೂ ಸಮಾಧಾನವಿಲ್ಲವಾದ್ದರಿಂದ, ಅತ್ತೆ ಫ್ರೇಮಿನಲ್ಲಿದ್ದಾಗ ಹಿಂದೆ ಸರಿದು ಎಫ್/8 ಇಡತಕ್ಕದ್ದು.